ಮೂಡಲಪಾಯದ ಮುಕ್ತ ಪಠ್ಯ ಮತ್ತು ಭಾಗವತನ ಜೀವನೋಪಾಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಮೂಡಲಪಾಯ ಯಕ್ಷಗಾನವನ್ನು ಅದರ ಆರ್ಥಿಕ ನೆಲೆಯಿಂದಲೂ ಪರಿಶೀಲಿಸಬೇಕಾಗಿದೆ. ‘ಕರಿಭಂಟನ ಕಾಳಗ’ದಂತಹ ಪ್ರಸಂಗಗಳು ರೂಢಿಯಲ್ಲಿ ಯಾರೊಬ್ಬರ ಸ್ವತ್ತೂ ಅಲ್ಲ, ಬೇಕೆಂದವರು ಪ್ರತಿ ಮಾಡಿಕೊಳ್ಳಬಹುದು, ಪದ ಸೇರಿಸಬಹುದು. ಊರವರು ಹಣ ತೆರುವುದು ಪಠ್ಯಕ್ಕಲ್ಲ. ತಿಂಗಳುಗಟ್ಟಲೆ ಮಟ್ಟು, ಕುಣಿತ, ಮಾತುಗಳನ್ನು ಕಲಿಸುವ ಭಾಗವತನ ದುಡಿಮೆಗೆ ಹಾಗೂ ವೇಷಭೂಷಣಕ್ಕೆ.

ಮುಕ್ತ ತಂತ್ರಾಂಶದ ವ್ಯವಹಾರವೂ ಇದೇ ತತ್ತ್ವದ ಮೇಲೆ ನಿಂತಿದೆ. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ಪ್ರಕಟಿಸಿದ ಜಿಪಿಎಲ್ ಪರವಾನಗಿಯು ತಂತ್ರಾಂಶದ ಮೂಲಸಂಕೇತವನ್ನು ನೋಡುವ, ತಿದ್ದುವ, ಹಂಚುವ ಹಕ್ಕನ್ನು ಬಳಕೆದಾರರಿಗೆ ನೀಡಿತು. 1993ರಲ್ಲಿ ಸ್ಥಾಪನೆಗೊಂಡ ರೆಡ್ ಹ್ಯಾಟ್ ಸಂಸ್ಥೆಯು ಲಿನಕ್ಸ್‌ನ ನಿರ್ವಹಣೆ, ತರಬೇತಿಗಳಿಂದ ಆದಾಯ ಗಳಿಸಿತು. 2019ರಲ್ಲಿ ಐಬಿಎಂ ಅದನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು.

ಅಲ್ಲಿ ಹಕ್ಕು ಲಿಖಿತ ಕರಾರು, ಇಲ್ಲಿ ರೂಢಿ. ಆದರೆ ಅಪಾಯ ಎರಡಕ್ಕೂ ಸಮಾನವಾದುದು. ಪಠ್ಯ ಎಲ್ಲರದಾಗಿ ಉಳಿದರೂ ಅದನ್ನು ಬಲ್ಲವನ ದುಡಿಮೆಗೆ ಪ್ರತಿಫಲ ದೊರೆಯದಿದ್ದರೆ ವಿದ್ಯೆ ಮುಂದಿನ ತಲೆಮಾರಿಗೆ ದಾಟದು. ಮಟ್ಟು, ಕುಣಿತಗಳು ಕಾಗದದಲ್ಲಿ ಪೂರ್ಣವಾಗಿ ನಿಲ್ಲುವಂಥವಲ್ಲ. ಆದ್ದರಿಂದ ಪ್ರಸಂಗಗಳ ಸಂಗ್ರಹ, ಮುದ್ರಣಗಳಷ್ಟೇ ಸಾಲವು. ಭಾಗವತನನ್ನು ಕರೆಸಿ, ಸಂಭಾವನೆ ಕೊಟ್ಟು ಕಲಿಯುವ ಊರುಗಳೂ ಉಳಿಯಬೇಕು.