ಹುಲಿ ಬೇಟೆಯ ಕಾರ್ಬೆಟ್ ಅಲ್ಲ, ಮೇಕೆ ಸಾಕುವ ಕಾರ್ಬೆಟ್



ಜಿಮ್ ಕಾರ್ಬೆಟ್ ಅಂದ ಕೂಡಲೇ ನಿಮಗೆ ಕುಮಾವೂನ್ ಕಾಡು, ನರಭಕ್ಷಕ ಹುಲಿ, ತೇಜಸ್ವಿಯವರ ಅನುವಾದ ಇವೆಲ್ಲ ನೆನಪಾಗಬಹುದು. ಈ ಸಲ ನಾನು ಹೇಳಹೊರಟಿರುವ ಕಾರ್ಬೆಟ್ ಬೇರೆಯವರು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿದ್ದವರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ, ಆಮೇಲೆ ಮೇಕೆ ಸಾಕಿಕೊಂಡು ಬದುಕಿದವರು. ಸಂಧಿವಾತದಿಂದ ಕೈಕಾಲು ಸೊಟ್ಟಗಾಗಿದ್ದವು. ಕ್ರೈಸ್ತರಲ್ಲೇ ಕ್ವೇಕರ್ ಪಂಥ, ಅಂದರೆ ಮೌನವಾಗಿ ಕೂತು ಪ್ರಾರ್ಥಿಸುವವರ ಗುಂಪು.

1981ರ ಮೇ ತಿಂಗಳಲ್ಲಿ ಇವರ ಗೆಳೆಯರೊಬ್ಬರು ದಾರಿಯಲ್ಲಿ ಕೈ ಅಡ್ಡ ಹಿಡಿದ ಒಬ್ಬನನ್ನು ಗಾಡಿಗೆ ಹತ್ತಿಸಿಕೊಂಡರು. ಅವನು ಎಲ್ ಸಾಲ್ವಡಾರ್ ದೇಶದವನು, ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವನು. ಮುಂದೆ ಗಡಿ ಪೊಲೀಸರು ತಡೆದು ಅವನನ್ನು ಇಳಿಸಿಕೊಂಡು ಹೋದರು. ಮರುದಿನ ಕಾರ್ಬೆಟ್ ಅಧಿಕಾರಿಗಳಿಗೆ ಫೋನು ಮಾಡಿ, ನಾನು ಜಿಮ್ ಕಾರ್ಬೆಟ್, ನಿನ್ನೆ ಹಿಡಿದವನು ಎಲ್ಲಿದ್ದಾನೆ ಎಂದು ಗಟ್ಟಿಯಾಗಿ ಕೇಳಿದರು. ಟೂಸಾನಿನ ಮಾಜಿ ಮೇಯರ್ ಹೆಸರೂ ಜಿಮ್ ಕಾರ್ಬೆಟ್ಟೇ! ಆ ಕಡೆಯವರು ಮೇಯರ್ ಸಾಹೇಬರೇ ಅಂದುಕೊಂಡು ಎಲ್ಲ ವಿವರ ಕೊಟ್ಟುಬಿಟ್ಟರು. ಹೋಗಿ ನೋಡಿದರೆ ಬಂಧನದಲ್ಲಿ ಅಂಥವರು ಅನೇಕರಿದ್ದರು.

ಆ ದಿನಗಳ ಎಲ್ ಸಾಲ್ವಡಾರ್ ಹೇಗಿತ್ತು ಗೊತ್ತೆ? 1980ರ ಮಾರ್ಚ್ 24ರಂದು ಅಲ್ಲಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು ಪೂಜೆ ನಡೆಸುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ನಂತರದ ಅಂತರ್ಯುದ್ಧ 1992ರ ತನಕ ನಡೆಯಿತು. ಅಮೆರಿಕದ 1980ರ ನಿರಾಶ್ರಿತರ ಕಾಯಿದೆ, ಸ್ವದೇಶದಲ್ಲಿ ಹಿಂಸೆಯ ಭಯವಿರುವವರಿಗೆ ಆಶ್ರಯ ಕೊಡಬೇಕು ಎನ್ನುತ್ತದೆ. ಆದರೆ ಎಲ್ ಸಾಲ್ವಡಾರಿನ ಸೇನೆಗೆ ಹಣ, ಆಯುಧ ಕೊಡುತ್ತಿದ್ದದ್ದೂ ಅಮೆರಿಕವೇ. ನಾವೇ ಬೆಂಬಲಿಸುವ ಸರ್ಕಾರ ತನ್ನ ಜನರನ್ನು ಹಿಂಸಿಸುತ್ತಿದೆ ಎಂದು ಒಪ್ಪುವುದು ಹೇಗೆ? ಇವರು ಕೂಲಿ ಹುಡುಕಿ ಬಂದವರು, ಜೀವಭಯದಿಂದ ಬಂದವರಲ್ಲ ಎಂದಿತು ರೇಗನ್ ಸರ್ಕಾರ. 1984ರಲ್ಲಿ ಎಲ್ ಸಾಲ್ವಡಾರಿನವರ ಅರ್ಜಿಗಳಲ್ಲಿ ನೂರಕ್ಕೆ ಮೂರು ಕೂಡ ಮಂಜೂರಾಗಲಿಲ್ಲ.

ಒಂದು ಮಾತು. ಇದನ್ನು ಒಳ್ಳೆಯ ಕ್ರೈಸ್ತರು ಮತ್ತು ಕೆಟ್ಟ ಸರ್ಕಾರದ ಕಥೆಯಾಗಿ ಓದಬೇಡಿ. 1984ರ ಚುನಾವಣೆಯಲ್ಲಿ ರೇಗನ್ 50 ರಾಜ್ಯಗಳಲ್ಲಿ 49ನ್ನು ಗೆದ್ದರು. ಆ ಮತಗಳನ್ನು ಹಾಕಿದವರಲ್ಲಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು ಬೇಕಾದಷ್ಟಿದ್ದರು. ಬೈಬಲ್ಲಿನ ಯಾಜಕಕಾಂಡದ 19ನೆಯ ಅಧ್ಯಾಯ ಪರದೇಶಿಯನ್ನು ನಿನ್ನವನಂತೆಯೇ ನೋಡಿಕೋ ಎಂಬರ್ಥದ ಮಾತು ಹೇಳುತ್ತದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ ಅಧಿಕಾರದಲ್ಲಿರುವವರಿಗೆ ಅಧೀನರಾಗಿರಲು ಹೇಳುತ್ತದೆ. ಪುಸ್ತಕ ಒಂದೇ, ಓದುವವರೂ ಅಕ್ಕಪಕ್ಕ ಕೂತವರೇ. ಯಾರು ಯಾರಿಗೆ ಏನು ಹೇಳಬೇಕು?

ಕಾರ್ಬೆಟ್ ತಮ್ಮ ಮನೆಯಲ್ಲಿ ಜಾಗ ಸಾಲದೆ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ ಜಾನ್ ಫೈಫ್ ಅವರನ್ನು ಕೇಳಿದರು. ಬಡವರ ಕೇರಿಯ ಪುಟ್ಟ ಚರ್ಚು ಅದು. ಫೈಫ್ ಮೊದಲು ಹಿಂದೆಮುಂದೆ ನೋಡಿದರು. ಆಮೇಲೆ ತಾವೊಬ್ಬರೇ ತೀರ್ಮಾನ ಮಾಡದೆ ಸಭೆಯ ಮುಂದಿಟ್ಟರು. ಗುಪ್ತ ಮತದಾನ ನಡೆಯಿತು. 59 ಪರ, 2 ವಿರುದ್ಧ. ಈ ಕಥೆ ಹೇಳುವವರೆಲ್ಲ 59ರ ಬಗ್ಗೆ ಹೇಳುತ್ತಾರೆ. ನನ್ನ ಕಣ್ಣು ನಿಲ್ಲುವುದು ಆ ಎರಡರ ಮೇಲೆ. ಜೈಲಿಗೆ ಹೋಗಬಹುದಾದ ಕೆಲಸಕ್ಕೆ ಕೈಯೆತ್ತಿಸಿ ಒಪ್ಪಿಗೆ ಪಡೆದಿದ್ದರೆ ಆ ಇಬ್ಬರೂ ಸಂಕೋಚಕ್ಕೆ ಕೈಯೆತ್ತುತ್ತಿದ್ದರೋ ಏನೋ. ಚೀಟಿ ಹಾಕಿದ್ದರಿಂದ ಬೇಡ ಅನ್ನುವುದಕ್ಕೂ ಆ ಚರ್ಚಿನಲ್ಲಿ ಜಾಗವಿತ್ತು.

ರೊಮೆರೊ ಹತ್ಯೆಯಾಗಿ ಸರಿಯಾಗಿ ಎರಡು ವರ್ಷಕ್ಕೆ, 1982ರ ಮಾರ್ಚ್ 24ರಂದು, ಇದು ಆಶ್ರಯಧಾಮ ಎಂದು ಸೌತ್‌ಸೈಡ್ ಚರ್ಚು ಬಹಿರಂಗವಾಗಿ ಸಾರಿತು. ಅದೇ ದಿನ ಕ್ಯಾಲಿಫೋರ್ನಿಯಾದ ಕೆಲವು ಚರ್ಚುಗಳೂ ಸಾರಿದವು. ಕೆಲವೇ ವರ್ಷಗಳಲ್ಲಿ ಕ್ಯಾಥೊಲಿಕ್, ಲೂಥರನ್, ಮೆಥಡಿಸ್ಟ್, ಯೆಹೂದಿ ಮಂದಿರ ಎಲ್ಲ ಸೇರಿ ಐನೂರರಷ್ಟು ಸಭೆಗಳು ಕೈಜೋಡಿಸಿದವು. ತಾವು ಕಾನೂನು ಮುರಿಯುತ್ತಿಲ್ಲ, ಸರ್ಕಾರ ಮುರಿದಿರುವ 1980ರ ಕಾಯಿದೆಯನ್ನು ತಾವೇ ಪಾಲಿಸುತ್ತಿದ್ದೇವೆ ಎಂಬುದು ಕಾರ್ಬೆಟ್ ವಾದ.

ಈಗ ನಿಜವಾದ ಜಗಳಕ್ಕೆ ಬರೋಣ. ಅದು ನಡೆದದ್ದು ಚಳವಳಿಯ ಒಳಗೇ. ಶಿಕಾಗೋದಲ್ಲಿ ಕೂತು ನಿರಾಶ್ರಿತರನ್ನು ಬೇರೆ ಬೇರೆ ಊರಿನ ಚರ್ಚುಗಳಿಗೆ ಕಳಿಸುತ್ತಿದ್ದ ಗುಂಪಿನ ಗುರಿ ಅಮೆರಿಕದ ಯುದ್ಧನೀತಿಯನ್ನೇ ನಿಲ್ಲಿಸುವುದು. ಅದಕ್ಕೆ ವೇದಿಕೆ ಹತ್ತಿ ಸೇನೆಯ ಕ್ರೌರ್ಯ ಹೇಳಬಲ್ಲ ನಿರಾಶ್ರಿತರು ಅವರಿಗೆ ಬೇಕಿತ್ತು. ಟೂಸಾನಿನವರು ಒಪ್ಪಲಿಲ್ಲ. ಸೇನೆಗೆ ಹೆದರಿ ಓಡಿಬಂದವನಿರಲಿ, ಗೆರಿಲ್ಲಾಗಳಿಗೆ ಹೆದರಿ ಬಂದವನಿರಲಿ, ಮಾತೇ ಬಾರದವನಿರಲಿ, ಜೀವಕ್ಕೆ ಅಪಾಯವಿದೆಯೇ ಎಂಬುದಷ್ಟೇ ಪ್ರಶ್ನೆ, ಅವನ ರಾಜಕೀಯ ನಮಗೆ ಬೇಡ ಎಂದರು ಕಾರ್ಬೆಟ್. ಯುದ್ಧ ನಿಲ್ಲದೆ ಒಬ್ಬೊಬ್ಬರನ್ನೇ ದಾಟಿಸಿ ಏನು ಪ್ರಯೋಜನ ಎಂಬ ಶಿಕಾಗೋದವರ ಪ್ರಶ್ನೆಯನ್ನೂ ತಳ್ಳಿಹಾಕಲಾಗದು. ಆದರೂ ನನ್ನ ಒಲವು ಮೇಕೆ ಸಾಕುವವರ ಕಡೆಗೇ. ನಮ್ಮ ಪಕ್ಷದ ಪರ ಮಾತಾಡುವವನಿಗೆ ಮಾತ್ರ ಬಾಗಿಲು ತೆರೆದರೆ ಅದು ಪ್ರಚಾರ ಕಚೇರಿಯಾಗುತ್ತದೆ. ಪರ ಊರಿನಲ್ಲಿ ಮನೆ ಮಾಡಿರುವ ನಿಮಗೆ, ನನಗೆ, ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಈ ನಡುವೆ ಸರ್ಕಾರ ಮಾಹಿತಿದಾರರನ್ನು ಚರ್ಚಿನೊಳಗೆ ಬಿಟ್ಟಿತ್ತು. ನೆರವಿಗೆ ಬಂದವರಂತೆ ನಟಿಸಿ ಅವರು ಪ್ರಾರ್ಥನೆಗೆ ಕೂತರು, ಬೈಬಲ್ ಅಧ್ಯಯನಕ್ಕೂ ಬಂದರು, ಮೈಗೆ ಕಟ್ಟಿಕೊಂಡ ಯಂತ್ರದಲ್ಲಿ ಎಲ್ಲ ಧ್ವನಿಮುದ್ರಿಸಿಕೊಂಡರು. ಮೈಕಿನ ಮುಂದೆ ಮಾತಾಡುವುದೇ ಕಸುಬಾದ ನನಗೆ ಇದು ಬಹಳ ಕಸಿವಿಸಿ ತಂದ ಸಂಗತಿ. ಮೈಕು ಇದೆ ಎಂದು ಗೊತ್ತಿದ್ದು ಆಡುವ ಮಾತೇ ಬೇರೆ, ದೇವರೆದುರು ಆಡುವ ಮಾತೇ ಬೇರೆ.

1985ರ ಜನವರಿಯಲ್ಲಿ ಮೊಕದ್ದಮೆ ಬಿತ್ತು. 11 ಮಂದಿ ವಿಚಾರಣೆಗೆ ನಿಂತರು. ಅವರಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿ, ಕ್ಯಾಥೊಲಿಕ್ ಪಾದ್ರಿಗಳು, ಒಬ್ಬ ಸಂನ್ಯಾಸಿನಿ, ಮೆಥಡಿಸ್ಟ್ ಕಾರ್ಯಕರ್ತೆ, ಕ್ವೇಕರ್ ಕಾರ್ಬೆಟ್ ಎಲ್ಲ ಇದ್ದರು. ಮೆಕ್ಸಿಕೋದ ಒಬ್ಬ ಪಾದ್ರಿ ಮತ್ತು ಒಬ್ಬ ವಿಧವೆ, ಬರದೆ ಇದ್ದರೂ ನಡೆಯುತ್ತಿತ್ತು, ತಾವಾಗಿಯೇ ಗಡಿ ದಾಟಿ ಬಂದು ಕಟಕಟೆಯಲ್ಲಿ ನಿಂತರು. ಧರ್ಮಶ್ರದ್ಧೆಯ ಕಾರಣಗಳನ್ನೂ ಎಲ್ ಸಾಲ್ವಡಾರಿನ ಪರಿಸ್ಥಿತಿಯನ್ನೂ ಜ್ಯೂರಿಯ ಮುಂದೆ ಹೇಳಕೂಡದು ಎಂದರು ನ್ಯಾಯಾಧೀಶರು. ಪ್ರತಿವಾದಿಗಳು ಒಬ್ಬ ಸಾಕ್ಷಿಯನ್ನೂ ಕರೆಯದೆ ಸುಮ್ಮನಾದರು. 1986ರ ಮೇ 1ರಂದು ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ಅವರಲ್ಲಿ ಫೈಫ್ ಒಬ್ಬರು. ಕಾರ್ಬೆಟ್ ಬಿಡುಗಡೆಯಾದರು. ಜೈಲು ಯಾರಿಗೂ ಆಗಲಿಲ್ಲ, ಪ್ರೊಬೇಷನ್ನಿನಲ್ಲಿ ಮುಗಿಯಿತು.

ಧ್ವನಿಮುದ್ರಣದ ವಿರುದ್ಧ ನಾಲ್ಕು ಚರ್ಚುಗಳು ಮತ್ತು ಅವುಗಳ ರಾಷ್ಟ್ರೀಯ ಸಂಸ್ಥೆಗಳು ತಾವೇ ಸರ್ಕಾರದ ಮೇಲೆ ದಾವೆ ಹೂಡಿದವು. ನಷ್ಟವೇನು ಎಂದಾಗ ಕೊಟ್ಟ ಪಟ್ಟಿ ನೋಡಿ: ಸಭಿಕರು ದೂರವಾದರು, ಜನರಿಲ್ಲದೆ ಒಂದು ಬೈಬಲ್ ಅಧ್ಯಯನ ಕೂಟ ನಿಂತುಹೋಯಿತು, ಬರುವವರೂ ಪ್ರಾರ್ಥನೆಯಲ್ಲಿ, ಪಾಪನಿವೇದನೆಯಲ್ಲಿ ಮನಬಿಚ್ಚುತ್ತಿಲ್ಲ. ದೇಶಾಂತರದ ನೀತಿ ಸರಿಯೋ ತಪ್ಪೋ ಎಂದು ವಾದಿಸುತ್ತಲೇ ಒಟ್ಟಿಗೆ ಕೂತಿದ್ದ ಜನ, ಪಕ್ಕದವನ ಜೇಬಿನಲ್ಲಿ ಏನಿದೆಯೋ ಎಂಬ ಅನುಮಾನ ಬಂದಾಗ ಎದ್ದುಹೋಗಿದ್ದರು. ಇದು ನಿಜವಾದ ನಷ್ಟವೇ, ದಾವೆ ಹೂಡಬಹುದು ಎಂದು 1989ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಅಮೆರಿಕನ್ ಬ್ಯಾಪ್ಟಿಸ್ಟ್ ಚರ್ಚುಗಳ ಹೆಸರಿನ ಇನ್ನೊಂದು ದಾವೆ 1990ರ ಡಿಸೆಂಬರಿನಲ್ಲಿ ರಾಜಿಯಾಗಿ, ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದವರ ಅರ್ಜಿಗಳನ್ನು ಹೊಸದಾಗಿ ವಿಚಾರಿಸಲು ಸರ್ಕಾರ ಒಪ್ಪಿಕೊಂಡಿತು.

ಫೈಫ್ ಅವರದು? 1992ರಲ್ಲಿ ಅವರ ಚರ್ಚಿನ ರಾಷ್ಟ್ರೀಯ ಮಹಾಸಭೆ ಅವರನ್ನೇ ಮಾಡರೇಟರ್ ಆಗಿ ಆರಿಸಿತು. ನಮ್ಮಲ್ಲಿ ಸಿಎಸ್‌ಐ ಸಭೆಗೆ ಹೋಗುವವರಿಗೆ ಆ ಹುದ್ದೆಯ ಘನತೆ ಗೊತ್ತು. ಇದೇ ಪ್ರೆಸ್ಬಿಟೇರಿಯನ್ನರು 1861ರಲ್ಲಿ ಗುಲಾಮಗಿರಿ ಮತ್ತು ಅಂತರ್ಯುದ್ಧದ ಕಾಲಕ್ಕೆ ಉತ್ತರ, ದಕ್ಷಿಣ ಎಂದು ಒಡೆದು 1983ರಲ್ಲಷ್ಟೇ ಮತ್ತೆ ಕೂಡಿದ್ದರು. ಕೂಡಿ ಒಂಬತ್ತೇ ವರ್ಷಕ್ಕೆ, ನ್ಯಾಯಾಲಯ ಅಪರಾಧಿ ಎಂದ ಪಾದ್ರಿಯನ್ನು ಪೀಠದಲ್ಲಿ ಕೂರಿಸಿದರು.

ಕಾರ್ಬೆಟ್ 2001ರಲ್ಲಿ ತೀರಿಕೊಂಡರು. ಸೌತ್‌ಸೈಡ್ ಚರ್ಚು ಮಾತ್ರ 2014ರಲ್ಲಿ ಮತ್ತೆ ಬಾಗಿಲು ತೆರೆಯಿತು. ಗಡೀಪಾರಿನ ಆದೇಶವಿದ್ದ ಒಬ್ಬ ತಾಯಿ 461 ದಿನ ಅಲ್ಲಿದ್ದರು. ಚರ್ಚುಗಳೊಳಗೆ ಬಂಧಿಸುವುದನ್ನು ಸಾಮಾನ್ಯವಾಗಿ ತಡೆಯುತ್ತಿದ್ದ ಸರ್ಕಾರಿ ನೀತಿಯನ್ನು 2025ರ ಜನವರಿಯಲ್ಲಿ ತೆಗೆದುಹಾಕಲಾಯಿತು. ಮರುತಿಂಗಳೇ ಇಪ್ಪತ್ತಕ್ಕೂ ಹೆಚ್ಚು ಕ್ರೈಸ್ತ ಮತ್ತು ಯೆಹೂದಿ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. ಅವರ ದೂರಿನಲ್ಲೂ ಇದ್ದ ಒಂದು ಮಾತು: ಜನ ಆರಾಧನೆಗೆ ಬರಲು ಹೆದರುತ್ತಿದ್ದಾರೆ.