ಬೀಥೋವನ್ ಬಿಟ್ಟ ಖಾಲಿ ಜಾಗ

ವಯೊಲಿನ್ ಕನ್ಸರ್ಟೊದಲ್ಲಿ ವಾದ್ಯವೃಂದ ಸುಮ್ಮನಾಗಿ, ವಾದಕನೊಬ್ಬನೇ ತನ್ನ ಮನೋಧರ್ಮದಂತೆ ನುಡಿಸುವ ಭಾಗವೇ ಕೆಡೆನ್ಜಾ. ಬೀಥೋವನ್‌ನ ಕನ್ಸರ್ಟೊವನ್ನು 1806ರಲ್ಲಿ ವಿಯೆನ್ನಾದಲ್ಲಿ ಫ್ರಾನ್ಜ್ ಕ್ಲೆಮೆಂಟ್ ಮೊದಲು ನುಡಿಸಿದ. ಅದಕ್ಕೆ ಬೀಥೋವನ್ ವಯೊಲಿನ್ ಕೆಡೆನ್ಜಾ ಬರೆದುಕೊಡಲಿಲ್ಲ. ಜಾಗವನ್ನು ವಾದಕನಿಗೇ ಬಿಟ್ಟ. 1844ರಲ್ಲಿ ಲಂಡನ್ನಿನಲ್ಲಿ 12 ವರ್ಷದ ಯೋಆಖಿಮ್ ಅಲ್ಲಿ ತನ್ನದೇ ಕೆಡೆನ್ಜಾ ನುಡಿಸಿದ. ಅಂದು ವಾದ್ಯವೃಂದ ನಡೆಸಿದ ಮೆಂಡೆಲ್ಸನ್ ಅದೇ ವರ್ಷ ಮುಗಿಸಿದ ಸ್ವಂತ ಕನ್ಸರ್ಟೊದಲ್ಲಿ ಮಾತ್ರ ಕೆಡೆನ್ಜಾವನ್ನು ತಾನೇ ಬರೆದಿಟ್ಟ. ವಾದಕನ ಸ್ವಾತಂತ್ರ್ಯಕ್ಕೆ ಹೀಗೆ ಬೇಲಿ ಬಿತ್ತು. ಬೀಥೋವನ್ ಬಿಟ್ಟ ಜಾಗದಲ್ಲೂ ಮುಂದೆ ಅನೇಕರು ಕ್ರೈಸ್ಲರ್ ಬರೆದದ್ದನ್ನೇ ಒಪ್ಪಿಸತೊಡಗಿದರು. 1970ರ ದಶಕದಲ್ಲಿ ಸೋವಿಯತ್ ನಾಡಿನ ಶ್ನಿಟ್ಕೆ ಅಲ್ಲಿಗೆ ಬರ್ಗ್, ಶೊಸ್ತಕೋವಿಚರ ಸ್ವರಗಳನ್ನೂ ತಂದಾಗ ಹಲವರು ಸಿಡಿಮಿಡಿಗೊಂಡರು. ಹಿರಿಯರನ್ನು ಗೌರವಿಸುವುದೆಂದರೆ ಅವರ ಮಾತನ್ನು ಹಾಗೆಯೇ ಒಪ್ಪಿಸುವುದೆಂದು ನಾವು ನಂಬಿದ್ದೇವೆ. ಆದರೆ ಹಿರಿಯನೊಬ್ಬ ತಾನೇ ಸುಮ್ಮನಾಗಿ ಜಾಗ ಬಿಟ್ಟಾಗ, ನಮ್ಮ ಮಾತು ಆಡದಿರುವುದು ಗೌರವವಾದೀತೆ?