ನಿಮಿಷಕ್ಕೆ ಮೂರು ಅಲೆ

“ನಿನ್ನಿ ಉಂಡ ರೊಟ್ಟಿ ಇನ್ನೂ ಹೊಟ್ಯಾಗ ಕುಂತಂಗ ಆಗೈತ್ರಿ.” ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಸೀಮೆಯಲ್ಲಿ ಬಹುಕಾಲದ ಸಕ್ಕರೆ ಕಾಯಿಲೆಯವರ ಬಾಯಲ್ಲಿ ಕೇಳಿದ ಮಾತಿದು. ಬನಹಟ್ಟಿಯ ನೇಕಾರ ಹಿರಿಯರೊಬ್ಬರು ಇನ್ನೊಂದು ಸೇರಿಸಿದರು: “ಹಾರ್ಟಿಗೆ ಕೂಡ್ರಸೋ ಪೇಸ್‌ಮೇಕರ್ ಹೊಟ್ಟಿಗೂ ಬಂದೈತಂತ, ಖರೇ ಏನ್ರಿ?” ನಾನು ಹಳೆಯ ವೈದ್ಯಕೀಯ ಪತ್ರಿಕೆಗಳನ್ನು ತೆಗೆದು ಕೂತದ್ದು ಈ ಪ್ರಶ್ನೆಗಾಗಿ.

ದಾರ ಹಿಡಿದು ಹಿಂದಕ್ಕೆ ಹೋದರೆ 1921ರ ಅಕ್ಟೋಬರ್ 14 ಸಿಗುತ್ತದೆ. ವಾಲ್ಟರ್ ಅಲ್ವಾರೆಜ್ ಎಂಬ ವೈದ್ಯ ಒಬ್ಬ ವೃದ್ಧೆಯ ಹೊಟ್ಟೆಯ ಮೇಲೆ ತಂತಿಯಿಟ್ಟು ಜಠರದ ವಿದ್ಯುತ್ತನ್ನು ದಾಖಲಿಸಿದರು. ಆಕೆಗೆ ಹರ್ನಿಯಾ, ಹೊಟ್ಟೆಯ ಗೋಡೆ ಎಷ್ಟು ತೆಳುವಾಗಿತ್ತೆಂದರೆ ಜಠರ ಹೊರಳುವುದು ಬರಿಗಣ್ಣಿಗೇ ಕಾಣುತ್ತಿತ್ತು. ಕಣ್ಣಿಗೆ ಕಂಡ ಅಲೆ, ಕಾಗದದ ಮೇಲಿನ ಗೆರೆ ಎರಡೂ ನಿಮಿಷಕ್ಕೆ ಮೂರು. ಈ ತಾಳ ಹಾಕುವವು ಜಠರದ ಗೋಡೆಯಲ್ಲಿರುವ ಕಾಹಾಲ್ ಕೋಶಗಳು. ಸಕ್ಕರೆ ಕಾಯಿಲೆ ಹಳತಾದಂತೆ ಅವು ಕಡಿಮೆಯಾಗಬಹುದು, ಮಿದುಳಿನಿಂದ ಹೊಟ್ಟೆಗೆ ಬರುವ ವೇಗಸ್ ನರವೂ ಸೊರಗಬಹುದು. ಊಟ ಅಲ್ಲೇ ನಿಲ್ಲುತ್ತದೆ.

ಮುಂದಿನ ಕೊಂಡಿ 1963ರ ಒಂದು ಲೇಖನ. ಶಸ್ತ್ರಚಿಕಿತ್ಸೆಯ ನಂತರ ಸ್ತಬ್ಧವಾದ ಹೊಟ್ಟೆ-ಕರುಳನ್ನು ಮೂಗಿನ ಕೊಳವೆಯ ತುದಿಯಿಂದ ವಿದ್ಯುತ್ ಕೊಟ್ಟು ಎಬ್ಬಿಸಬಹುದು ಎಂದು ಅದನ್ನು ಬರೆದವರು ಬಿಲ್ಗುತಾಯ್ ಮತ್ತು ಸಂಗಡಿಗರು. ಆ ಹೆಸರುಗಳ ನಡುವೆ ಹೃದಯ ಶಸ್ತ್ರಚಿಕಿತ್ಸೆಯ ಲಿಲ್ಲೆಹೈ ಕಂಡಾಗ ನಾನು ನೆಟ್ಟಗೆ ಕೂತೆ. 1957ರಲ್ಲಿ ಇವರಿಗಾಗಿಯೇ ಅರ್ಲ್ ಬಾಕ್ಕೆನ್ ಬ್ಯಾಟರಿ ಪೇಸ್‌ಮೇಕರ್ ಮಾಡಿಕೊಟ್ಟದ್ದು. ಬಾಕ್ಕೆನ್ ಕಟ್ಟಿದ ಕಂಪನಿ ಮೆಡ್‌ಟ್ರಾನಿಕ್. ಅಂದರೆ ಹಿರಿಯರ ಹೋಲಿಕೆಗೆ ವಂಶಾವಳಿಯೇ ಇತ್ತು. 1963ರ ಲೇಖನ ಹೇಳಿದ ಲಾಭ ಮಾತ್ರ ನಂತರದ ಪರೀಕ್ಷೆಗಳಲ್ಲಿ ಉಳಿಯಲಿಲ್ಲ.

ಆಮೇಲೆ ಕಡತದ ತುಂಬ ನಾಯಿಗಳು. (ಮುಧೋಳದವಲ್ಲ, ಪ್ರಯೋಗಾಲಯದವು.) ನಾಯಿಯ ಜಠರದ ಅಲೆ ನಿಮಿಷಕ್ಕೆ ಐದರಷ್ಟು. ಜೋಡೆತ್ತಿನಲ್ಲಿ ಒಂದು ತುಸು ಬಿರುಸಾಗಿ ಹೆಜ್ಜೆ ಹಾಕಿದರೆ ಇನ್ನೊಂದು ಹೊಂದಿಕೊಳ್ಳುವಂತೆ, ಹೊರಗಿನ ವಿದ್ಯುತ್ತಿಗೆ ಈ ಅಲೆ ಹೊಂದಿಕೊಳ್ಳುತ್ತದೆಂದು 1972ರಲ್ಲಿ ಕೆಲ್ಲಿ ಮತ್ತು ಲಾ ಫೋರ್ಸ್ ತೋರಿಸಿದರು. 1998ರಲ್ಲಿ ಮೆಕ್‌ಕ್ಯಾಲಮ್ ತಂಡ ಇದೇ ವಿಧಾನವನ್ನು ಒಂಬತ್ತು ರೋಗಿಗಳ ಮೇಲೆ ನೋಡಿತು. ಪ್ರತಿ ಮಿಡಿತ 300 ಮಿಲಿಸೆಕೆಂಡ್. ಹೊಟ್ಟೆ ಬೇಗ ಖಾಲಿಯಾಯಿತು. ಆದರೆ ಯಂತ್ರ ದೇಹದ ಹೊರಗೇ ಇತ್ತು. ಅಷ್ಟು ಉದ್ದದ ಮಿಡಿತ ಬ್ಯಾಟರಿಯನ್ನು ಬಹಳ ತಿನ್ನುತ್ತದೆ.

ಚರ್ಮದಡಿ ಕೂಡಿಸುವ ಯಂತ್ರವಾಗಿ ಬಂದದ್ದು ಬೇರೆಯದೇ: ಅದೇ ಮೆಡ್‌ಟ್ರಾನಿಕ್‌ನ ಎಂಟೆರಾ. ಎರಡು ತಂತಿ ಜಠರದ ಸ್ನಾಯುವಿಗೆ, 5 ಮಿಲಿಆಂಪ್ ವಿದ್ಯುತ್ತು, ಮಿಡಿತದ ಉದ್ದ 330 ಮೈಕ್ರೊಸೆಕೆಂಡ್. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಭಾಗಿಸಿದೆ: ಮೆಕ್‌ಕ್ಯಾಲಮ್ ಕೊಟ್ಟದ್ದಕ್ಕಿಂತ ಸುಮಾರು 900 ಪಟ್ಟು ಮೊಟಕು. ಇಷ್ಟು ಮೊಟಕು ಮಿಡಿತಕ್ಕೆ ಜಠರದ ಅಲೆ ಜಗ್ಗುವುದಿಲ್ಲ. ಹಾಗಾದರೆ ಇದು ಪೇಸ್‌ಮೇಕರ್ ಅಲ್ಲವೇ ಅಲ್ಲ!

2000ದಲ್ಲಿ ಎಂಟೆರಾಕ್ಕೆ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಟ್ಟ ಒಪ್ಪಿಗೆಯೂ ಪೂರ್ಣವಲ್ಲ, ‘ಮಾನವೀಯ ವಿನಾಯಿತಿ’. ವರ್ಷಕ್ಕೆ 4000ಕ್ಕಿಂತ ಕಡಿಮೆ ರೋಗಿಗಳಿರುವ ಕಾಯಿಲೆಗೆ ಆಗ ಇದ್ದ ದಾರಿ ಅದು. ಸುರಕ್ಷಿತ, ಬಹುಶಃ ಲಾಭವಿದೆ ಎಂದರೆ ಸಾಕು, ಗುಣ ಸಾಬೀತಾಗಬೇಕಿಲ್ಲ. ಸಾಬೀತಿನತ್ತ ಗಟ್ಟಿ ಹೆಜ್ಜೆ 2020ರ ಫ್ರೆಂಚ್ ಅಧ್ಯಯನ. 172 ಜನರಲ್ಲಿ ಯಂತ್ರ ಹಚ್ಚಿದ ತಿಂಗಳು, ಆರಿಸಿದ ತಿಂಗಳು ಹೋಲಿಸಿದರು. ಹಚ್ಚಿದಾಗ ವಾಂತಿ ಕಡಿಮೆಯಾಯಿತು. ಹೊಟ್ಟೆ ಖಾಲಿಯಾಗುವ ವೇಗ ಬದಲಾಗಲಿಲ್ಲ.

ಹಿರಿಯರಿಗೆ ಇಷ್ಟನ್ನೇ ಹೇಳಿದೆ: ಯಂತ್ರ ಐತ್ರಿ, ಔಷಧಕ್ಕೆ ಬಗ್ಗದ ವಾಕರಿಕೆ-ವಾಂತಿಯವರಿಗೆ, ಕುಂತ ರೊಟ್ಟಿ ಎಬ್ಬಸೂದಿಲ್ಲ. ಮೊದಲು ಹೊಟ್ಟೆ ನಿಜಕ್ಕೂ ತಡವಾಗಿ ಖಾಲಿಯಾಗುತ್ತಿದೆಯೇ ಎಂದು ಡಾಕ್ಟರು ನಾಲ್ಕು ತಾಸಿನ ಪರೀಕ್ಷೆ ಮಾಡಿಸಬೇಕು. ಹೌದೆಂದಾದರೆ ಅವರು ಹೇಳುವ ಪಥ್ಯ ನಮ್ಮ ಸೀಮೆಗೆ ತುಸು ಕಹಿ: ನಾರು, ಎಣ್ಣೆ ಕಡಿಮೆ, ತೆಳ್ಳಗಿನದು, ಸ್ವಲ್ಪಸ್ವಲ್ಪವೇ. ಸಕ್ಕರೆಗೆ ಒಳ್ಳೆಯದೆಂದು ತಿನ್ನುತ್ತಿದ್ದ ಕಟಕ್ ರೊಟ್ಟಿ, ಹಸಿ ಸೊಪ್ಪು ಇದಕ್ಕೆ ಆಗಿಬರುವುದಿಲ್ಲ. “ಹಂಗಾದ್ರ ಉಣ್ಣೂದೇನ್ರಿ?” ಎಂದರು. ಗಂಜಿ ಎಂದೆ.